ಮೂರನೆಯ ಮರಿಹಳ್ಳ

ಮೊದಲು ಕೂಗಿಕೊಂಡದ್ದು ಬಾತುಕೋಳಿಗಳು.

ಬೆಳಕು ಆಗತಾನೆ ಹರಿದಿತ್ತು. ಕಾಲುಸೇತುವೆಯ ಕೆಳಗೆ ಹಳ್ಳ ಸಣ್ಣದೊಂದು ಮಡುವಾಗಿ ನಿಲ್ಲುತ್ತದೆ. ಬಾತಿನಕ್ಕ ಎಂದಿನಂತೆ ಗೂಡಿನ ಬಾಗಿಲು ತೆಗೆದು ಹಕ್ಕಿಗಳನ್ನು ನೀರಿಗೆ ಬಿಟ್ಟಳು. ತಿರುಗಿ ಬುಟ್ಟಿ ಎತ್ತಿಕೊಳ್ಳುವಷ್ಟರಲ್ಲಿ ಮಡುವಿನ ತುಂಬ ರೆಕ್ಕೆ ಬಡಿತ, ಅರಚಾಟ. ನೋಡುತ್ತಾಳೆ — ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿವೆ, ಅವುಗಳ ನಡುವೆ ಬಾತುಗಳು ಕತ್ತು ಹೊರಳಿಸುತ್ತಿವೆ. ಆಕೆ ಹಿಂದುಮುಂದು ನೋಡದೆ ನೀರಿಗಿಳಿದಳು. ಎರಡನ್ನು ಕಂಕುಳಲ್ಲಿ ಅವುಚಿಕೊಂಡು ಇನ್ನೊಂದಕ್ಕೆ ಕೈ ಚಾಚಿದಾಗ ಅದರ ರೆಕ್ಕೆ ನೀರನ್ನೆತ್ತಿ ನೇರ ಆಕೆಯ ಮುಖಕ್ಕೆ ಎರಚಿತು.

ಆಮೇಲೆ ಕೂಗಿದ್ದು ಬಾತಿನಕ್ಕ. ಕಣ್ಣಿಗೆ ಕೆಂಡ ಹಾಕಿದ ಹಾಗಾಯಿತು ಎಂದು ಆಕೆ ಆಸ್ಪತ್ರೆಯಲ್ಲಿ ಹೇಳಿದಳು. ಕೂಗು ಕೇಳಿ ಓಡಿ ಬಂದ ಮೈದುನ ಆಕೆಯನ್ನು ಎತ್ತಿ ದಡಕ್ಕೆ ಹಾಕಿದ. ಮಡುವಿನ ನೀರಿನಲ್ಲಿ ಬ್ಲೀಚಿಂಗ್ ಪುಡಿ ಬೆರೆತಿದೆ ಎಂದು ಕಣ್ಣಿನ ಡಾಕ್ಟರು ಆಕೆಯ ಸೀರೆಯ ವಾಸನೆಯಿಂದಲೇ ಹೇಳಿದರು. ಒಂದು ಕಣ್ಣು ಉಳಿಯುತ್ತದೆ, ಇನ್ನೊಂದರ ಮಾತು ಈಗಲೇ ಹೇಳಲಾಗದು ಎಂದರು.

ದಫೇದಾರ ಇನ್ನೂ ಠಾಣೆಯಿಂದ ಹೊರಟಿರಲಿಲ್ಲ, ಹಳ್ಳದ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದರು.

"ನೋಡಿದೆಯಾ? ಬಣ್ಣಗಾರನ ಗೋಡೆಯಿಂದ ಹಿಡಿದು ಕೆಳಗಿನವರೆಗೂ ಮೀನು ಸತ್ತು ತೇಲ್ತಿವೆ. ನಾನು ಬಡ್ಕೊಂಡಾಗ ಯಾರೂ ಕೇಳಲಿಲ್ಲ. ಈಗಲಾದ್ರೂ ಕೇಳ್ತೀರಾ?"

ಮೇಷ್ಟ್ರು ಹೇಳಿದ ಮೇಲೆ ದಫೇದಾರನಿಗೆ ಇನ್ನೊಂದು ಮಾತಿರಲಿಲ್ಲ. ಶಾಲೆಯಲ್ಲಿ ಅವನಿಗೆ ಭೂಗೋಳ ಕಲಿಸಿದವರು ಅವರು. ನಿವೃತ್ತರಾದ ಮೇಲೆ ವಾಚನಾಲಯ ನೋಡಿಕೊಳ್ಳುತ್ತ, ಅದರ ಗೋಡೆಯ ಮೇಲೆ ಹಳ್ಳದ ದೊಡ್ಡ ಚಿತ್ರ ಬರೆದು, ಭಾನುವಾರಗಳಂದು ಬಂದವರಿಗೆಲ್ಲ ಅದರ ಕಥೆ ಹೇಳುತ್ತಿದ್ದರು. ಇಡೀ ಬಡಾವಣೆಯಲ್ಲಿ ಆ ನೀರಿಗೆ ಒಂದು ದಿಕ್ಕು ಅಂತಿದ್ದರೆ ಅವರೇ.

ಮಡುವಿಗಿಂತ ಮೇಲೆ, ಹಳ್ಳದ ದಡದಲ್ಲೇ ಇದ್ದ ಬಟ್ಟೆ ಬಣ್ಣಗಾರನ ಶೆಡ್ಡಿನಲ್ಲಿ ಬ್ಲೀಚಿಂಗ್ ಪುಡಿಯ ಡ್ರಮ್ಮು ಮುಚ್ಚಳ ತೆರೆದು ನಿಂತಿತ್ತು. ಇನ್ನೇನು ಬೇಕು? ದಫೇದಾರ ಅವನನ್ನು ಠಾಣೆಗೆ ತಂದ. ಅತ್ತ ಜನ ಸೇರಿ ಅವನ ಕಿಟಕಿ ಒಡೆದರು, ಬಣ್ಣದ ತೊಟ್ಟಿ ಮಗುಚಿದರು.

ಇನ್ಸ್‌ಪೆಕ್ಟರಮ್ಮ ಕೋರ್ಟಿನ ಕೆಲಸ ಮುಗಿಸಿ ಮರುದಿನ ಬೆಳಿಗ್ಗೆ ಬಂದರು. ಈ ಠಾಣೆಗೆ ವರ್ಗವಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಮಂಡಿ ನೋವಿನವರು, ಕುರ್ಚಿ ಬಿಟ್ಟು ಏಳುವ ಮುಂಚೆ ಒಮ್ಮೆ ಮಂಡಿಯನ್ನು, ಒಮ್ಮೆ ಎದುರಿಗೆ ನಿಂತವನನ್ನು ದಿಟ್ಟಿಸುತ್ತಿದ್ದರು — ಏಳುವಷ್ಟು ಬೆಲೆ ಇದಕ್ಕೆ ಇದೆಯೇ ಎನ್ನುವ ಹಾಗೆ.

"ಇವನು ಪುಡಿ ಸುರಿದದ್ದನ್ನ ಯಾರು ನೋಡಿದ್ರು?"

"ನೋಡಿದವರು ಯಾರೂ ಇಲ್ಲ ಮೇಡಂ. ಆದ್ರೆ ಇವನ ಗೋಡೆಯಿಂದಲೇ ಮೀನು ಸತ್ತಿದ್ವು."

"ಅದನ್ನ ನೋಡಿದವರು?"

"ಮೇಷ್ಟ್ರು ಹೇಳಿದ್ರು."

"ನೀವು ನೋಡಿದ್ರಾ?"

ದಫೇದಾರ ತಡವರಿಸಿದ. "ನಾನು ಹೋಗೋಷ್ಟರಲ್ಲಿ ಪೌರಕಾರ್ಮಿಕರು ಬಳಿದು ಹಾಕಿದ್ರು ಮೇಡಂ. ನಾತ ಬರುತ್ತೆ ಅಂತ."

ಇನ್ಸ್‌ಪೆಕ್ಟರಮ್ಮ ಮಂಡಿ ನೋಡಿಕೊಂಡರು. ಎದ್ದರು.

ಲಾಕಪ್ಪಿನಲ್ಲಿ ಬಣ್ಣಗಾರ ಗೋಡೆಗೆ ಒರಗಿ ಕೂತಿದ್ದ. ಉಗುರುಗಳ ಸಂದಿಯಲ್ಲಿ ನೀಲಿ. ಎಷ್ಟು ತೊಳೆದರೂ ಹೋಗದ ನೀಲಿ.

"ಡ್ರಮ್ಮಿನ ಮುಚ್ಚಳ ಯಾಕೆ ತೆರೆದಿತ್ತು?"

"ಹಿಂದಿನ ದಿನ ಬಳಸಿದ್ದೆ. ಬಟ್ಟೆ ಬಿಳಿ ಮಾಡದೆ ಬಣ್ಣ ಹಿಡಿಯುತ್ತಾ ಮೇಡಂ?"

"ಆ ನೀರು ಎಲ್ಲಿಗೆ ಹೋಗುತ್ತೆ?"

"ಹಿತ್ತಲಲ್ಲಿ ತೊಟ್ಟಿ ಕಟ್ಟಿಸಿದ್ದೀನಿ. ಒಂದರಿಂದ ಒಂದಕ್ಕೆ ಹೋಗಿ ಅಲ್ಲೇ ತಿಳಿಯಾಗುತ್ತೆ. ಹಳ್ಳಕ್ಕೆ ಬಿಡೋ ಕಂಡಿಗೆ ಹೋದ ವರ್ಷವೇ ಇಟ್ಟಿಗೆ ಹಾಕಿ ಮುಚ್ಚಿದ್ದೀನಿ. ಹೋಗಿ ನೋಡಿ."

"ಮುಂಚೆ ಬಿಡ್ತಿದ್ದೆ?"

"ಬಿಡ್ತಿದ್ದೆ. ನಮ್ಮಪ್ಪನೂ ಬಿಡ್ತಿದ್ದ, ತಾತನೂ ಬಿಡ್ತಿದ್ದ. ಅದಕ್ಕೇ ಈಗ ಹೇಳಿದರೆ ಯಾರೂ ನಂಬಲ್ಲ."

"ಯಾರ ಮೇಲಾದ್ರೂ ಅನುಮಾನ ಇದೆಯಾ?"

ಬಣ್ಣಗಾರ ತಲೆ ಎತ್ತಲಿಲ್ಲ. "ಊರಿಗೆಲ್ಲ ನನ್ನ ಮೇಲೆ ಇದೆಯಲ್ಲ ಮೇಡಂ. ಅಷ್ಟು ಸಾಲದಾ?"

ದಫೇದಾರನಿಗೆ ಆ ಮಾತು ನಾಟಕವೆನ್ನಿಸಿತು. ಹುಲಿ ಹುಲ್ಲು ತಿನ್ನಲು ಶುರುಮಾಡಿದೆ ಎಂದರೆ ಯಾರು ತಾನೆ ನಂಬುತ್ತಾರೆ?

ಇಬ್ಬರೂ ಹಳ್ಳದ ಗುಂಟ ನಡೆದರು. ಇನ್ಸ್‌ಪೆಕ್ಟರಮ್ಮ ಮೇಲಿನಿಂದಲೇ ನೋಡಬೇಕು ಎಂದರು. ಮಂಡಿ ಬೇಡವೆಂದರೂ ಕೇಳಲಿಲ್ಲ. ನೀರಿನ ಟ್ಯಾಂಕಿನ ಹಿಂದಿನ ದಿಣ್ಣೆಯಲ್ಲಿ, ಬಂಡೆಯ ಬಿರುಕಿನಿಂದ ಹಳ್ಳ ಹುಟ್ಟುತ್ತದೆ. ಅಲ್ಲಿ ಅದು ಒಂದು ಹೆಜ್ಜೆಗೆ ದಾಟುವಷ್ಟು. ರೈಲುಹಳಿಯ ಕೆಳಗೆ ಕಲ್ಲಿನ ಕಮಾನಿನಲ್ಲಿ ನುಸುಳಿ, ಮನೆಗಳ ಹಿತ್ತಲಗೋಡೆಗಳ ನಡುವೆ ಇಳಿದು ಬರುತ್ತದೆ.

"ಇಲ್ಲೊಂದು ಗಿರಣಿ ಇತ್ತು ಮೇಡಂ," ದಫೇದಾರ ಹೇಳುತ್ತ ಹೋದ. ಈ ಕಥೆ ಅವನಿಗೆ ಬಾಯಿಪಾಠ. "ನೀರಿನ ಗಾಲಿಯಿಂದ ಹಿಟ್ಟು ಬೀಸ್ತಿದ್ರಂತೆ. ಹಳ್ಳ ಹಾವಿನ ಥರ ಹೋಗ್ತಿತ್ತು, ರಭಸ ಸಾಲದು ಅಂತ ಗಿರಣಿಯವನು ನೆಟ್ಟಗೆ ಅಗೆಸಿದ. ಅದಕ್ಕೇ ಇಲ್ಲಿ ಮೊಣಕೈ ಮುರಿದ ಹಾಗೆ ತಿರುಗುತ್ತೆ. ಗಿರಣಿ ಹೋದ ಮೇಲೆ ಬಣ್ಣದವರು ಬಂದ್ರು. ಸಾಲಾಗಿ ಮನೆಗಳು. ನಾವು ಹುಡುಗರಾಗಿದ್ದಾಗ ಬೆಳಿಗ್ಗೆ ಕೆಂಪು ನೀರು, ಸಂಜೆ ಹಸಿರು ನೀರು. ಈಗ ಉಳಿದಿರೋದು ಇವನೊಬ್ಬನೇ."

"ಇದೆಲ್ಲ ಮೇಷ್ಟ್ರು ಹೇಳಿದ್ದಾ?"

"ಅವರಿಗೆ ಗೊತ್ತಿಲ್ಲದ ಕಲ್ಲಿಲ್ಲ ಇಲ್ಲಿ."

"ಈಗಲೂ ಬರ್ತಾರಾ ದಡಕ್ಕೆ?"

"ಇಲ್ಲ ಮೇಡಂ. ಹೆಂಡತಿ ತೀರಿಕೊಂಡ ಮೇಲೆ ನಡಿಗೆ ಬಿಟ್ಟುಬಿಟ್ರು. ಈಗ ವಾಚನಾಲಯದ ಗೋಡೆ ಮುಂದೆ ನಿಂತೇ ಕಥೆ ಹೇಳ್ತಾರೆ."

ಬಣ್ಣಗಾರನ ಗೋಡೆ ಬಂತು. ಕಂಡಿಗೆ ಇಟ್ಟಿಗೆ ಹಾಕಿದ್ದು ನಿಜವಾಗಿತ್ತು. ಸಿಮೆಂಟಿನ ಮೇಲೆ ಪಾಚಿ ಕೂಡ ಹಿಡಿದಿತ್ತು. ಇನ್ಸ್‌ಪೆಕ್ಟರಮ್ಮ ಗೋಡೆಗೆ ಕೈ ಊರಿ ಕಷ್ಟಪಟ್ಟು ಕೂತರು. ನೀರಿನೊಳಗಿನ ಕಲ್ಲೊಂದನ್ನು ತಿರುಗಿಸಿದರು. ಅದರ ಕೆಳಗೆ ಬಸವನಹುಳು ಮೆಲ್ಲಗೆ ಸರಿಯಿತು. ಪಕ್ಕದಲ್ಲಿ ಗೊದಮೊಟ್ಟೆಗಳು ಬಾಲ ಅಲ್ಲಾಡಿಸುತ್ತಿದ್ದವು.

"ಬದುಕಿವೆ," ಎಂದರು.

"ಇವಕ್ಕೆ ಜೀವ ಗಟ್ಟಿ ಮೇಡಂ."

"ಹಾಗಾದ್ರೆ ಮಡುವಿನಲ್ಲೂ ಬದುಕಿರಬೇಕು. ಬನ್ನಿ."

ಮಡುವಿನಲ್ಲಿ ಒಂದೇ ಒಂದು ಜೀವ ಮಿಸುಕಲಿಲ್ಲ. ಕಲ್ಲು ಎತ್ತಿದರೆ ಖಾಲಿ ಚಿಪ್ಪುಗಳು. ಕಾಲುಸೇತುವೆಯ ಬುಡದಲ್ಲಿ ದುಂಡಗಿನ ಸಿಮೆಂಟ್ ಕೊಳವೆಯ ಬಾಯಿಯಿತ್ತು. ಅದರಿಂದ ಬೆರಳು ಗಾತ್ರ ನೀರು ಜಿನುಗುತ್ತಿತ್ತು.

"ಇದೇನು?"

"ರಸ್ತೆಯ ಮಳೆನೀರಿನ ಮೋರಿ ಮೇಡಂ."

"ಮಳೆ ಬಂದು ಎಷ್ಟು ಕಾಲವಾಯ್ತು?"

"ಯಾರದೋ ಬಚ್ಚಲು ನೀರಿರಬಹುದು."

ಅವರು ಕೊಳವೆಯ ಬಾಯಿಗೆ ಕೈ ಒಡ್ಡಿದರು. ನೀರು ತಣ್ಣಗಿತ್ತು, ಕನ್ನಡಿಯ ಹಾಗೆ ತಿಳಿಯಾಗಿತ್ತು. ಅಲ್ಲೇ ಕಸ ಗುಡಿಸುತ್ತಿದ್ದ ಪೌರಕಾರ್ಮಿಕ ಹೆಂಗಸನ್ನು ಕರೆದರು.

"ಸತ್ತ ಮೀನನ್ನ ಎಲ್ಲಿಂದ ಎಲ್ಲೀವರೆಗೆ ಬಳಿದೆ ತಾಯಿ?"

"ಈ ಸೇತುವೆಯಿಂದ ಕೆಳಕ್ಕೆ. ಬುಟ್ಟಿಗಟ್ಟಲೆ."

"ಮೇಲೆ? ಬಣ್ಣಗಾರನ ಗೋಡೆ ಹತ್ತಿರ?"

"ಅಲ್ಲಿ ಒಂದೂ ಇರಲಿಲ್ಲ. ಇದ್ದಿದ್ರೆ ನನಗೆ ಇನ್ನೊಂದು ಫರ್ಲಾಂಗು ಬುಟ್ಟಿ ಹೊರೋ ಕೆಲಸ ಆಗ್ತಿತ್ತಲ್ಲ, ಮರೀತೀನಾ?"

ದಫೇದಾರನ ಕಿವಿ ಬಿಸಿಯಾಯಿತು. ಮೇಷ್ಟ್ರಿಗೆ ಯಾರೋ ತಪ್ಪು ಹೇಳಿರಬೇಕು ಎಂದುಕೊಂಡ. ಆದರೆ ಬಣ್ಣಗಾರನಲ್ಲದಿದ್ದರೆ ಯಾರು? ಒಂದು ಹೆಸರು ಅವನ ನಾಲಗೆಯ ತುದಿಯಲ್ಲಿತ್ತು.

"ಮೇಡಂ, ಬಾತಿನಕ್ಕನ ಮೈದುನ ಈಜುಕೊಳದಲ್ಲಿ ಕೆಲಸ ಮಾಡ್ತಾನೆ. ಅಲ್ಲಿ ಬ್ಲೀಚಿಂಗ್ ಪುಡಿ ಮೂಟೆಗಟ್ಟಲೆ ಇರುತ್ತೆ. ಬಾತಿನ ಗೂಡಿರೋ ಜಾಗದ ವಿಷಯಕ್ಕೆ ಅತ್ತಿಗೆಗೂ ಅವನಿಗೂ ಹಾವು ಮುಂಗುಸಿ. ಅವತ್ತು ಎಲ್ಲರಿಗಿಂತ ಮೊದಲು ಅಲ್ಲಿಗೆ ಬಂದವನೂ ಅವನೇ."

"ನಡೀರಿ."

ಈಜುಕೊಳದಲ್ಲಿ ಮೈದುನ ನೀರಿನ ಮೇಲಿನ ಎಲೆಗಳನ್ನು ಬಲೆಯಿಂದ ಎತ್ತುತ್ತಿದ್ದ. ಎರಡೂ ಕೈಗೆ ಬ್ಯಾಂಡೇಜು.

"ಕೈಗೇನಾಯ್ತು?"

"ಮಡುವಿಗೆ ಇಳಿದಿದ್ನಲ್ಲ."

"ಅಷ್ಟು ಬೇಗ ಅಲ್ಲಿ ಏನು ಕೆಲಸ ಇತ್ತು?"

ಅವನು ಬಲೆಯನ್ನು ಗೋಡೆಗೆ ಒರಗಿಸಿದ. "ಜಗಳಕ್ಕೆ ಹೋಗ್ತಿದ್ದೆ."

"ಬೆಳಗಾಗೆದ್ದು?"

"ಹೊತ್ತೇರಿದ ಮೇಲೆ ಅತ್ತಿಗೆ ಪೇಟೆಗೆ ಹೋಗಿಬಿಡ್ತಾಳೆ. ಗೂಡು ಕಿತ್ತು ಆ ಕಡೆಗೆ ಹಾಕ್ಕೋ, ನನ್ನ ಪಾಲಿನ ಜಾಗ ನನಗೆ ಬಿಡು ಅಂತ ಮುಖಕ್ಕೆ ಮುಖ ಕೊಟ್ಟು ಹೇಳೋಣ ಅಂತ ಹೋಗ್ತಿದ್ದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅಷ್ಟರಲ್ಲಿ ಕೂಗು ಕೇಳ್ತು."

"ಇಲ್ಲಿಂದ ಪುಡಿ ತಗೊಂಡು ಹೋಗಿದ್ಯಾ?"

"ಪುಡಿ ಇಡೋ ಕೋಣೆಯ ಬೀಗದ ಕೈ ಮ್ಯಾನೇಜರ್ ಹತ್ರ ಇರುತ್ತೆ. ಕೇಳಿ." ಬ್ಯಾಂಡೇಜಿನ ಕೈ ಎತ್ತಿ ತೋರಿಸಿ ಅವನು ಸೇರಿಸಿದ: "ಮೇಡಂ, ಈ ಪುಡಿಯ ಜೊತೆ ದಿನಾ ಏಗೋನು ನಾನು. ಆ ನೀರಲ್ಲಿ ಅದಿದೆ ಅಂತ ಮೊದಲೇ ಗೊತ್ತಿದ್ರೆ ಬರಿಗೈಯಲ್ಲಿ ಇಳೀತಿದ್ನಾ?"

ಹೊರಗೆ ಬಂದ ಮೇಲೆ ದಫೇದಾರ ಗೊಣಗಿದ, "ಮಾತಿನ ಮಲ್ಲ."

"ಇರಬಹುದು. ಆದ್ರೆ ಸುಟ್ಟ ಕೈಗೆ ಮಾತಿನ ಹಂಗಿಲ್ಲ," ಇನ್ಸ್‌ಪೆಕ್ಟರಮ್ಮ ಎಂದರು. "ಈಗ ನಿಮ್ಮ ಮೇಷ್ಟ್ರ ಹತ್ರ ಹೋಗೋಣ. ಹಳ್ಳದ ವಿಷಯ ಹಳ್ಳ ಬಲ್ಲವರನ್ನೇ ಕೇಳಬೇಕು."

ಮೇಷ್ಟ್ರ ಮನೆ ರಸ್ತೆಯ ಮೇಲ್ಭಾಗದಲ್ಲಿತ್ತು. ಹಳ್ಳ ಅಲ್ಲಿಗೆ ಕಾಣುವುದೂ ಇಲ್ಲ. ಹಜಾರದಲ್ಲಿ ಹೆಂಡತಿಯ ಚಿತ್ರ, ಗೋಡೆಗಡಿಯಾರ, ಕಪಾಟಿನ ತುಂಬ ಕಲ್ಲುಗಳು. ಮೇಷ್ಟ್ರು ತಾವೇ ಚಹಾ ಮಾಡಿ ತಂದರು. ಬಾತಿನಕ್ಕನ ಕಣ್ಣಿನ ಮಾತು ಬಂದಾಗ ಅವರು ಸಕ್ಕರೆ ಹಾಕಿದ್ದ ಬಟ್ಟಲಿಗೇ ಮತ್ತೆ ಸಕ್ಕರೆ ಹಾಕಿದರು. ವಯಸ್ಸು, ಎಂದುಕೊಂಡ ದಫೇದಾರ.

"ಮೇಷ್ಟ್ರೇ, ಈ ಹಳ್ಳಕ್ಕೆ ಬೇರೆ ಯಾವ ನೀರು ಬಂದು ಸೇರುತ್ತೆ?" ಇನ್ಸ್‌ಪೆಕ್ಟರಮ್ಮ ಕೇಳಿದರು.

"ಎರಡು ಮರಿಹಳ್ಳ. ಒಂದು ರೈಲುಹಳಿಯ ಆಚೆ, ಇನ್ನೊಂದು ಗಿರಣಿಯ ಹತ್ತಿರ."

"ಅಷ್ಟೇನಾ?"

"ಅಷ್ಟೇ."

ದಫೇದಾರನಿಗೆ ನಗು ಬಂತು. ಗುರುಗಳು ಮರೆತದ್ದು ಶಿಷ್ಯನಿಗೆ ನೆನಪಿತ್ತು. ಇಂಥ ಅವಕಾಶ ಎಷ್ಟು ಸಲ ಸಿಕ್ಕೀತು? "ಮೂರು ಅಲ್ವಾ ಮೇಷ್ಟ್ರೇ? ತಾಯಿಹಳ್ಳಕ್ಕೆ ಮೂರು ಮರಿ ಅಂತ ನೀವೇ ಪಾಠ ಮಾಡಿದ್ರಿ. ನಮ್ಮ ಕ್ಲಾಸನ್ನೆಲ್ಲ ಇದೇ ಮನೆಯ ಹಿತ್ತಲಿಗೆ ಕರ್ಕೊಂಡು ಬಂದು, ಚಪ್ಪಡಿ ಎತ್ತಿ, ಕಿವಿ ಇಡಿ ಅಂದ್ರಿ. ಒಳಗೆ ನೀರು ಹರಿಯೋ ಸದ್ದು. ನಾನು ಮನೆಗೆ ಹೋಗಿ ನಮ್ಮಮ್ಮನಿಗೆ ಹೇಳಿದ್ದೆ, ಮೇಷ್ಟ್ರು ಹಳ್ಳದ ಮೇಲೆ ಮಲಗ್ತಾರೆ ಅಂತ."

ಮೇಷ್ಟ್ರು ನಗಲಿಲ್ಲ.

"ಅದು ಯಾವತ್ತೋ ಬತ್ತಿ ಹೋಯ್ತು," ಎಂದರು.

ಗಡಿಯಾರ ಟಿಕ್‌ಟಿಕ್ ಎನ್ನುತ್ತಿತ್ತು. ಇನ್ಸ್‌ಪೆಕ್ಟರಮ್ಮ ಚಹಾ ಮುಗಿಸಿ, ಹಿತ್ತಲಲ್ಲಿ ಕೈ ತೊಳೆಯಬಹುದೇ ಎಂದು ಕೇಳಿ ಹೋದರು. ಚಪ್ಪಡಿ ಅಲ್ಲೇ ಇತ್ತು. ಅದರ ಮೇಲೆ ಹೂಕುಂಡಗಳನ್ನು ಜೋಡಿಸಿದ್ದರು. ಒಂದು ಕುಂಡದ ಪಕ್ಕದಲ್ಲಿ ಪಾಚಿ ಕಟ್ಟಿದ ನೆಲದ ಮೇಲೆ ಬೆಳ್ಳಗಿನ ದುಂಡು ಗುರುತು — ಕುಂಡ ಮೊದಲಿದ್ದ ಜಾಗ. ದಫೇದಾರನೂ ನೋಡಿದ. ಯಾರೋ ಇತ್ತೀಚೆಗೆ ಕುಂಡ ಸರಿಸಿ ಚಪ್ಪಡಿ ಎತ್ತಿದ್ದರು.

ಠಾಣೆಗೆ ಮರಳಿ ಇನ್ಸ್‌ಪೆಕ್ಟರಮ್ಮ ಪುರಸಭೆಯ ಎಂಜಿನಿಯರಿಗೆ ಫೋನು ಮಾಡಿ ಬಹಳ ಹೊತ್ತು ಮಾತಾಡಿದರು. ಆಮೇಲೆ ಲಾಕಪ್ಪಿನ ಮುಂದೆ ಹೋಗಿ ನಿಂತರು.

"ಸ್ವಲ್ಪ ಬಣ್ಣ ಬೇಕಿತ್ತು. ನೀರಿನಲ್ಲಿ ದೂರದಿಂದಲೇ ಕಾಣಬೇಕು, ಒಂದು ಹುಳಕ್ಕೂ ತೊಂದರೆ ಆಗಬಾರದು. ಅಂಥದ್ದು ಇದೆಯಾ?"

ಬಣ್ಣಗಾರ ಎರಡು ದಿನದಲ್ಲಿ ಮೊದಲ ಬಾರಿಗೆ ಆಸಕ್ತಿಯಿಂದ ಮುಖವೆತ್ತಿದ. "ಮಿಠಾಯಿ ಮಾಡೋರು ಒಯ್ಯೋ ಕೆಂಪು ಇದೆ. ತಿಂದ್ರೂ ಏನೂ ಆಗಲ್ಲ. ಒಳಗಿನ ಮೂಲೆಯ ಗೂಡಲ್ಲಿದೆ, ನನ್ನ ಹೆಂಡತಿ ಕೊಡ್ತಾಳೆ."

ಮಧ್ಯಾಹ್ನ ದಫೇದಾರ ಕಾಲುಸೇತುವೆಯ ಮೇಲೆ ನಿಂತಿದ್ದ. ಇನ್ನೊಬ್ಬ ಪೇದೆ ಬಣ್ಣಗಾರನ ಗೋಡೆಯ ಹತ್ತಿರ. ಇನ್ಸ್‌ಪೆಕ್ಟರಮ್ಮ ಕೆಂಪು ಬಣ್ಣ ಹಿಡಿದು ಮೇಷ್ಟ್ರ ಹಿತ್ತಲಿನ ಚಪ್ಪಡಿಯ ಬಳಿ. ಕೆಂಪು ಕಂಡ ಕೂಡಲೇ ಫೋನು ಮಾಡಬೇಕು — ಅಷ್ಟೇ ಅಪ್ಪಣೆ.

ಕೊಳವೆಯಿಂದ ಬೆರಳು ಗಾತ್ರದ ನೀರು ಬರುತ್ತಲೇ ಇತ್ತು. ತಿಳಿ. ಬರೀ ತಿಳಿ. ಬದುಕಿ ಉಳಿದ ಬಾತುಗಳು ಗೂಡಿನೊಳಗಿಂದ ಕೂಗಿ ಕೂಗಿ ಸುಮ್ಮನಾದವು. ಬತ್ತಿದೆ ಅಂತ ಮೇಷ್ಟ್ರು ಹೇಳಿದ್ದಾರೆ, ಬತ್ತಿಯೇ ಇರುತ್ತದೆ, ಎಂದು ದಫೇದಾರ ತನಗೆ ತಾನೇ ಹೇಳಿಕೊಂಡ. ಸೈಕಲ್ ಸವಾರನೊಬ್ಬ ಬೆಲ್ಲು ಬಾರಿಸಿ ದಾಟಿಹೋದ. ಬರದೇ ಇರಲಿ. ಹೀಗೇ ಸಂಜೆಯಾಗಲಿ. ಠಾಣೆಗೆ ಹೋಗಿ, ಇಲ್ಲ ಮೇಡಂ, ಏನೂ ಬರಲಿಲ್ಲ ಎನ್ನುವ ಹಾಗಾಗಲಿ.

ಕೊಳವೆಯ ತುಟಿಯಲ್ಲಿ ಮೊದಲು ತೆಳು ಗುಲಾಬಿ ಕಾಣಿಸಿತು. ಬಿಸಿಲಿನ ಆಟವಿರಬೇಕು ಎಂದುಕೊಂಡು ಕಣ್ಣುಜ್ಜಿದ. ಗುಲಾಬಿ ಗಾಢವಾಯಿತು. ನೋಡನೋಡುತ್ತಿದ್ದಂತೆ ರಕ್ತದಂಥ ಕೆಂಪು ಸುರುಳಿ ಸುರುಳಿಯಾಗಿ ಮಡುವಿನೊಳಗೆ ಬಿಚ್ಚಿಕೊಂಡಿತು.

ಫೋನು ಕೈಯಲ್ಲೇ ಇತ್ತು. ಅದರ ಗುಂಡಿ ಒತ್ತಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಬಂತು ಮೇಡಂ."

"ಎಲ್ಲಿ?"

"ಕಾಲುಸೇತುವೆ ಕೆಳಗೆ. ಕೊಳವೆಯಿಂದ."

ಆ ಕಡೆಯಿಂದ ಇನ್ಸ್‌ಪೆಕ್ಟರಮ್ಮ ಅದನ್ನೇ ಗಟ್ಟಿಯಾಗಿ ಹೇಳಿದ್ದು ಕೇಳಿಸಿತು. ಅದರ ಹಿಂದೆಯೇ ಮೇಷ್ಟ್ರ ಧ್ವನಿ. ಸಿಟ್ಟಿರಲಿಲ್ಲ, ಭಯವಿರಲಿಲ್ಲ. ತಪ್ಪು ಉತ್ತರ ಬರೆದ ಹುಡುಗನನ್ನು ಕೇಳುವ ಅದೇ ಹಳೆಯ ಧ್ವನಿ:

"ಕಾಲುಸೇತುವೆ ಹತ್ರ? ಅಲ್ಲಿಗೆ ಹೇಗೆ ಹೋಗುತ್ತೆ? ಅದು ಸೇರೋದು ಬಣ್ಣಗಾರನ ಗೋಡೆ ಬುಡದಲ್ಲಲ್ವಾ?"

ದಫೇದಾರ ಮೇಷ್ಟ್ರ ಹಿತ್ತಲಿಗೆ ಹೋದಾಗ ಚಪ್ಪಡಿ ಸರಿದಿತ್ತು. ಕುಂಡಗಳು ಒಂದು ಪಕ್ಕಕ್ಕೆ. ಮೇಷ್ಟ್ರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ತೆರೆದ ಕಂಡಿಯೊಳಗಿಂದ ಶಾಲೆಯ ದಿನದಲ್ಲಿ ಕೇಳಿದ್ದ ಅದೇ ಸದ್ದು ಬರುತ್ತಿತ್ತು.

"ಕೂತ್ಕೊಳ್ಳಿ," ಇನ್ಸ್‌ಪೆಕ್ಟರಮ್ಮ ದಫೇದಾರನಿಗೆ ಹೇಳಿದರು. ಅವನು ಕೂರಲಿಲ್ಲ. "ಮೊದಲ ದಿನವೇ ನಿಮ್ಮ ಕೈಗೆ ಸಿಕ್ಕಿದ್ದ ಸುಳಿವು ಇದು. ಗೋಡೆಯಿಂದ ಹಿಡಿದು ಕೆಳಗಿನವರೆಗೂ ಮೀನು ಸತ್ತಿವೆ ಅಂತ ಇವರು ಬಂದು ಹೇಳಿದ್ರು. ನೀವು ಹೇಳಿದವರು ಯಾರು ಅಂತ ನೋಡಿದ್ರಿ, ಮಾತನ್ನ ನೋಡಲಿಲ್ಲ. ಗೋಡೆ ಹತ್ರ ಒಂದು ಮೀನೂ ಸತ್ತಿರಲಿಲ್ಲ. ಬಳಿದವಳಿಗೆ ಗೊತ್ತಿತ್ತು, ಬಸವನಹುಳಕ್ಕೂ ಗೊತ್ತಿತ್ತು. ಹಾಗಾದ್ರೆ ಇವರು ಏನನ್ನ ನೋಡಿ ಹೇಳಿದ್ರು? ಏನನ್ನೂ ನೋಡಿರಲಿಲ್ಲ. ಮೀನು ಎಲ್ಲಿ ಸಾಯಬೇಕು ಅಂತ ಅಂದ್ಕೊಂಡಿದ್ರೋ ಅದನ್ನ ಹೇಳಿದ್ರು."

ಮೇಷ್ಟ್ರು ಕಂಡಿಯನ್ನೇ ನೋಡುತ್ತಿದ್ದರು.

"ಮಡುವಿಗೆ ವಿಷ ಕೊಳವೆಯಿಂದಲೇ ಬಂದಿರಬೇಕು. ಕೊಳವೆಯಲ್ಲಿ ಮಳೆಯಿಲ್ಲದ ಕಾಲದಲ್ಲೂ ತಣ್ಣಗಿನ ತಿಳಿನೀರು ಬರ್ತಿದೆ. ಬಚ್ಚಲು ನೀರು ಹಾಗಿರಲ್ಲ; ಅದು ನೆಲದಡಿಯ ಊಟೆಯ ನೀರು. ಎಲ್ಲಿಯ ಊಟೆ ಅಂತ ಕೇಳಿದ್ರೆ, ಹಳ್ಳದ ಬಗ್ಗೆ ಮಾತಾಡೋಕೆ ಶುರುಮಾಡಿದ್ರೆ ನಿಲ್ಲಿಸದವರು ಎರಡೇ ಎರಡು ಮರಿಹಳ್ಳ ಹೇಳಿ ಬಾಯಿ ಮುಚ್ಚಿಕೊಂಡ್ರು. ಮೂರನೆಯದನ್ನ ನೀವು ಹೇಳಿದ್ರಿ. ರಸ್ತೆ ಅಗಲ ಮಾಡುವಾಗ ಚಪ್ಪಡಿ ಕೆಳಗಿನ ಹಳೇ ಕಾಲುವೆ ಅಡ್ಡ ಬಂತಂತೆ. ಅದನ್ನ ಕಡಿದು, ಕೊಳವೆ ಹಾಕಿ ಕಾಲುಸೇತುವೆಗೆ ತಿರುಗಿಸಿಬಿಟ್ಟಿದ್ದಾರೆ. ಎಂಜಿನಿಯರ್ ಹೇಳಿದ್ರು."

"ಯಾವಾಗ?" ಮೇಷ್ಟ್ರು ಕೇಳಿದರು.

ಇನ್ಸ್‌ಪೆಕ್ಟರಮ್ಮ ವರ್ಷ ಹೇಳಿದರು. ಮೇಷ್ಟ್ರು ಮೆಲ್ಲಗೆ ತಲೆಯಾಡಿಸಿದರು. "ಆ ವರ್ಷ ಪೂರ್ತಿ ನಾನು ಆಸ್ಪತ್ರೆಯಲ್ಲಿದ್ದೆ. ನನ್ನ ಹೆಂಡತಿಯ ಮಂಚದ ಪಕ್ಕ. ರಸ್ತೆ ಅಗೆದಿದ್ದೂ ಗೊತ್ತಿಲ್ಲ, ಮುಚ್ಚಿದ್ದೂ ಗೊತ್ತಿಲ್ಲ."

"ಪುಡಿ ಎಲ್ಲಿಂದ ಬಂತು?"

"ವಾಚನಾಲಯದ ನೀರಿನ ತೊಟ್ಟಿ ತೊಳೆಯೋಕೆ ತರಿಸಿಟ್ಟಿದ್ದು."

"ಯಾಕೆ ಮೇಷ್ಟ್ರೇ?" ಈ ಸಲ ಕೇಳಿದವನು ದಫೇದಾರ.

ಮೇಷ್ಟ್ರು ಅವನತ್ತ ನೋಡಿದರು. "ಮೊನ್ನೆ ಪುರಸಭೆಯವರು ಬಣ್ಣಗಾರನ ಪರವಾನಗಿಯನ್ನ ಮತ್ತೆ ಮುಂದುವರಿಸಿದ್ರು. ನಾನು ಹೋಗಿ ಬೇಡ ಅಂದೆ. ಯಾರೋ ಹೊಸ ಸಾಹೇಬರು, ಮಾತು ಮುಗಿಯೋ ಮುಂಚೆ ಎದ್ದು ಹೋದ್ರು. ನನ್ನ ಆಯುಷ್ಯವೆಲ್ಲ ಆ ನೀರು ಬಣ್ಣಬಣ್ಣವಾಗಿ ಹೋಗೋದನ್ನ ನೋಡಿದ್ದೀನಿ ಕಣೋ. ಒಂದು ಸಲ, ಒಂದೇ ಸಲ, ಅವನ ಗೋಡೆ ಕೆಳಗೆ ಮೀನು ಸತ್ತು ತೇಲಿದ್ರೆ ಸಾಕು, ಅವನ ಬಾಗಿಲು ಮುಚ್ಚುತ್ತೆ ಅಂದ್ಕೊಂಡೆ. ಮೀನು ಮತ್ತೆ ಬರುತ್ತೆ. ಮಡುವಿಗೆ ಇಳಿಯೋಷ್ಟರಲ್ಲಿ ನೀರು ಬೆರೆತು ತೆಳುವಾಗುತ್ತೆ, ಅಂದ್ಕೊಂಡೆ."

"ಅವನು ಬಣ್ಣ ಬಿಡೋದನ್ನ ನಿಲ್ಲಿಸಿ ವರ್ಷವಾಯ್ತು," ಇನ್ಸ್‌ಪೆಕ್ಟರಮ್ಮ ಎಂದರು. "ಕಂಡಿ ಮುಚ್ಚಿದ್ದಾನೆ. ಪರವಾನಗಿ ಸಿಕ್ಕಿದ್ದು ಅದಕ್ಕೇ."

"ನನಗೆ ಯಾರೂ ಹೇಳಲಿಲ್ಲ," ಎಂದರು ಮೇಷ್ಟ್ರು.

"ಇಳಿದು ಬಂದು ನೋಡಬಹುದಿತ್ತಲ್ಲ ಮೇಷ್ಟ್ರೇ," ದಫೇದಾರ ಹೇಳಿದ. "ಬಾತಿನಕ್ಕನಿಗೆ ಏನಾಯ್ತು ಅಂತ ನಿನ್ನೆ ಬೆಳಿಗ್ಗೆಯೇ ನಿಮಗೆ ಗೊತ್ತಾಯ್ತು. ಒಂದು ಮಾತು ಹೇಳಬಹುದಿತ್ತಲ್ಲ. ಬಣ್ಣಗಾರ ಲಾಕಪ್ಪಿನಲ್ಲಿ ಕೂತಿದ್ದ."

ಮೇಷ್ಟ್ರು ಎದ್ದು ಒಳಗೆ ಹೋಗಿ ಕನ್ನಡಕ ತಂದರು, ಗಡಿಯಾರಕ್ಕೆ ಕೀಲಿ ಕೊಟ್ಟರು, ಹಿತ್ತಲ ಬಾಗಿಲು ಭದ್ರ ಮಾಡಿದರು. ಜೀಪು ಹತ್ತುವಾಗ ಅವರ ಕಾಲು ಜಾರಿತು. ದಫೇದಾರ ತೋಳು ಹಿಡಿದು ಹತ್ತಿಸಿದ. ಆಮೇಲೆ ಠಾಣೆಯವರೆಗೂ ಕಿಟಕಿಯ ಕಡೆಗೇ ಮುಖ ಮಾಡಿ ಕೂತ.

ಸಂಜೆ ಲಾಕಪ್ಪಿನ ಬೀಗ ತೆಗೆದವನೂ ಅವನೇ.

"ಮನೆಗೆ ಹೋಗಪ್ಪ. ನಮ್ಮಿಂದ ತಪ್ಪಾಯ್ತು."

ಬಣ್ಣಗಾರ ಎದ್ದು ನಿಂತ, ಹೊರಗೆ ಬರಲಿಲ್ಲ. ಯಾರು ಮಾಡಿದ್ದು ಎಂದು ಕೇಳಿದ. ದಫೇದಾರ ಹೇಳಿದ. ಬಣ್ಣಗಾರ ಹೂಂ ಎಂದಷ್ಟೇ ಹೇಳಿ, ತನ್ನ ಉಗುರುಗಳನ್ನು ನೋಡಿಕೊಂಡ.

"ಪೇಟೆ ಬೀದಿಯಲ್ಲಿ ಈಗ ಜನ ಇರ್ತಾರಾ?"

"ಇರ್ತಾರೆ. ಬೇಡ ಅನ್ನಿಸಿದ್ರೆ ಹಿಂದಿನ ಓಣಿಯಲ್ಲಿ ಹೋಗು."

"ಬರುವಾಗ ಪೇಟೆ ಬೀದಿಯಲ್ಲೇ ಕರ್ಕೊಂಡು ಬಂದ್ರಿ. ರಟ್ಟೆ ಹಿಡ್ಕೊಂಡು. ಎಲ್ಲರೂ ಹೊರಗೆ ಬಂದು ನೋಡಿದ್ರು." ಅವನ ಧ್ವನಿಯಲ್ಲಿ ಕೋಪವಿರಲಿಲ್ಲ. "ಹೋಗುವಾಗಲೂ ನೀವೇ ಕರ್ಕೊಂಡು ಹೋಗಿ. ನೋಡಲಿ."

ಇಬ್ಬರೂ ಪೇಟೆ ಬೀದಿಯಲ್ಲಿ ನಡೆದರು. ದರ್ಜಿಯ ಅಂಗಡಿಯಲ್ಲಿ ಹೊಲಿಗೆಯಂತ್ರದ ಸದ್ದು ನಿಂತಿತು. ಕ್ಷೌರದಂಗಡಿಯ ಕನ್ನಡಿಯಲ್ಲಿ ನೊರೆ ಹಚ್ಚಿದ ಮುಖವೊಂದು ಇತ್ತ ತಿರುಗಿತು.

"ಏನ್ ದಫೇದಾರ್ರೇ, ಎಲ್ಲಿಗೆ ಸವಾರಿ?" ಯಾರೋ ಕೇಳಿದರು.

"ಇವರನ್ನ ಮನೆಗೆ ಬಿಡೋಕೆ. ಇವರು ಹಳ್ಳಕ್ಕೆ ಏನೂ ಹಾಕಿರಲಿಲ್ಲ. ತಪ್ಪು ಹಿಡಿದದ್ದು ನಾನು."

ಮುಂದಿನ ಅಂಗಡಿಯಲ್ಲಿ ಯಾರೂ ಕೇಳಲಿಲ್ಲ. ದಫೇದಾರ ತಾನಾಗಿ ನಿಂತು ಅದೇ ಮಾತು ಹೇಳಿದ. ಅದರ ಮುಂದಿನದರಲ್ಲೂ ಹೇಳಿದ. ಮೊದಮೊದಲು ನಾಲಗೆ ತೊಡರುತ್ತಿತ್ತು; ಬೀದಿ ಮುಗಿಯುವ ಹೊತ್ತಿಗೆ ಸಲೀಸಾಯಿತು. ಕಿಟಕಿ ಒಡೆದವರಲ್ಲಿ ಇಬ್ಬರು ಮೂಲೆಯ ಗೂಡಂಗಡಿಯ ಮುಂದೆ ನಿಂತಿದ್ದರು. ಅವರ ಮುಂದೆ ಮಾತ್ರ ಅವನು ಎರಡು ಸಲ ಹೇಳಿದ.

ಶೆಡ್ಡಿನ ಅಂಗಳದಲ್ಲಿ ಬಣ್ಣಗಾರನ ಹೆಂಡತಿ ಗಾಜಿನ ಚೂರು ಗುಡಿಸುತ್ತಿದ್ದಳು. ಗಂಡನನ್ನು ನೋಡಿ ಪೊರಕೆ ಕೆಳಗಿಟ್ಟಳು, ದಫೇದಾರನನ್ನು ನೋಡಿ ಮತ್ತೆ ಎತ್ತಿಕೊಂಡಳು. ನೆಲದ ತುಂಬ ನೀಲಿ ಒಣಗಿ ಹೆಪ್ಪುಗಟ್ಟಿತ್ತು. ತೊಟ್ಟಿ ಮಗುಚಿ ಬಿದ್ದಿತ್ತು. ಒಬ್ಬರ ಕೈಲಿ ಏಳುವಂಥದ್ದಲ್ಲ.

ಬಣ್ಣಗಾರ ಅಂಗಿಯ ತೋಳು ಮಡಚಿ ಅದರ ಒಂದು ತುದಿಗೆ ಕೈ ಹಾಕಿದ. ದಫೇದಾರ ಟೋಪಿ ತೆಗೆದು ಬಾಗಿಲ ಮೊಳೆಗೆ ಸಿಕ್ಕಿಸಿ ಇನ್ನೊಂದು ತುದಿ ಹಿಡಿದ.

"ಬಟ್ಟೆಗೆ ಬಣ್ಣ ಹತ್ತುತ್ತೆ. ಹೋಗಲ್ಲ ಆಮೇಲೆ," ಬಣ್ಣಗಾರ ಎಂದ.

"ಹತ್ತಲಿ, ಎತ್ತು," ಎಂದ ದಫೇದಾರ.